ಕಾಗದವಿಲ್ಲದ ಕರಾರು: ಫೋನಿನಲ್ಲೇ ಸಹಿ ಪಡೆಯುವ ದಾರಿ

ಶಿವಮೊಗ್ಗದಲ್ಲಿ ಒಬ್ಬ ಮದುವೆ ಫೋಟೋಗ್ರಾಫರ್ ಇದ್ದಾರೆ ಅಂದುಕೊಳ್ಳೋಣ. ಹುಡುಗಿಯ ಮನೆ ಸಾಗರದಲ್ಲಿ. ಹುಡುಗ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾನೆ. ಹುಡುಗಿ ಕಡೆಯ ವ್ಯವಹಾರ ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ಅವಳ ಅಣ್ಣ. ಖರ್ಚು ಎರಡೂ ಕಡೆಯವರಿಗೆ ಅರ್ಧರ್ಧ. ನಾಂದಿ, ಧಾರೆ, ಆರತಕ್ಷತೆ ಮೂರಕ್ಕೂ ಫೋಟೋ, ವಿಡಿಯೋ, ಒಂದು ಆಲ್ಬಮ್. ಮಾತು ಒಂದೂವರೆ ಲಕ್ಷಕ್ಕೆ ಕುದುರಿದೆ.

ಸಾಮಾನ್ಯವಾಗಿ ವಿಷಯ ಇಲ್ಲಿಗೆ ಮುಗಿಯುತ್ತದೆ. ಐದು ಸಾವಿರ ಮುಂಗಡ ಫೋನ್‌ಪೇ ಮಾಡಿದರೆ ಬುಕ್ಕಿಂಗ್ ಆಯಿತು ಅಂತ ಲೆಕ್ಕ. ಜಗಳ ಶುರುವಾಗುವುದು ಮದುವೆ ಮುಗಿದ ಮೇಲೆ. ಡ್ರೋನ್ ಸೇರಿತ್ತಾ? ಆಲ್ಬಮ್ಮಿಗೆ ಎಷ್ಟು ಹಾಳೆ? ಎಡಿಟ್ ಮಾಡದ ಫೋಟೋಗಳನ್ನೂ ಕೊಡಬೇಕಾ? ಒಬ್ಬೊಬ್ಬರ ನೆನಪು ಒಂದೊಂದು ಥರ. ಎರಡು ಪುಟದ ಕರಾರು ಇದ್ದಿದ್ದರೆ ತಕರಾರಿಗೆ ಜಾಗವೇ ಇರುತ್ತಿರಲಿಲ್ಲ. ಆದರೆ ಆ ಎರಡು ಪುಟಕ್ಕೆ ಮೂರು ಊರಿನಲ್ಲಿ ಸಹಿ ಹಾಕಿಸುವವರು ಯಾರು? ಪ್ರಿಂಟ್ ತೆಗೆಯಬೇಕು, ಸಹಿ ಹಾಕಬೇಕು, ಸ್ಕ್ಯಾನ್ ಮಾಡಬೇಕು, ಕೊರಿಯರ್ ಮಾಡಬೇಕು. ಯಾರಿಗೆ ಬೇಕು ಈ ರಗಳೆ ಅಂತ ಎಲ್ಲರೂ ಸುಮ್ಮನಾಗಿಬಿಡುತ್ತಾರೆ.

ಸರಳ ಇ-ಸಹಿ ಇರುವುದು ಇಂಥ ಕೆಲಸಕ್ಕೇ. ಫೋಟೋಗ್ರಾಫರ್ ಜಾಗದಲ್ಲಿ ಇಂಟೀರಿಯರ್ ಕೆಲಸದವರನ್ನೋ, ವೆಬ್‌ಸೈಟ್ ಮಾಡಿಕೊಡುವವರನ್ನೋ, ಅನುವಾದಕರನ್ನೋ, ಅಡುಗೆ ಕಾಂಟ್ರ್ಯಾಕ್ಟರನ್ನೋ ಇಟ್ಟುಕೊಳ್ಳಿ. ದಾರಿ ಒಂದೇ.

ಕಾನೂನು ಒಪ್ಪುತ್ತಾ?

ಒಪ್ಪುತ್ತದೆ, ಆದರೆ ಎಲ್ಲ ಸಹಿಗೂ ಒಂದೇ ತೂಕ ಕೊಡುವುದಿಲ್ಲ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ.

ನಮ್ಮ ಕರಾರು ಕಾನೂನು 1872ರದ್ದು. ಒಬ್ಬರು ಒಂದು ಮಾತು ಮುಂದಿಟ್ಟು, ಇನ್ನೊಬ್ಬರು ಅದನ್ನು ಒಪ್ಪಿ, ಕೊಡು-ಕೊಳ್ಳುವುದು ಗೊತ್ತಾಗಿ, ಇಬ್ಬರೂ 18 ತುಂಬಿದವರಾಗಿ, ಬಲವಂತ ಮೋಸ ಇಲ್ಲದಿದ್ದರೆ ಬಹುತೇಕ ವ್ಯವಹಾರಗಳಿಗೆ ಅಷ್ಟು ಸಾಕು. ಸಹಿ ಇರಲೇಬೇಕು ಅಂತ ಅದು ಕೇಳುವುದಿಲ್ಲ. ಸಾಕ್ಷಿ, ನೋಟರಿ ಮುದ್ರೆ ಕೂಡ ಮಾಮೂಲಿ ಕೆಲಸದ ಕರಾರಿಗೆ ಕಡ್ಡಾಯವಲ್ಲ. ನಮ್ಮ ಜನಕ್ಕೆ ಕೆಂಪು ಸೀಲ್ ಬಿದ್ದರೇ ಸಮಾಧಾನ, ಅದು ಬೇರೆ ಮಾತು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. 2008ರಲ್ಲಿ ತಿದ್ದುಪಡಿ ಮಾಡಿ 10ಎ ಎಂಬ ಕಲಮು ಸೇರಿಸಿದರು. ಕರಾರು ಇಮೇಲ್, ಆ್ಯಪ್ ಇಂಥದ್ದರಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಅದು ನಡೆಯುವುದಿಲ್ಲ ಅನ್ನುವ ಹಾಗಿಲ್ಲ, ಇಷ್ಟೇ ಅದರ ಸಾರ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಮೇಲ್‌ಗಳಲ್ಲೇ ಕರಾರು ಆಗಿದೆ ಎಂದು ಹೇಳಿತು. ಆಮೇಲೆ ಬರೆಯಬೇಕಿದ್ದ ವಿಧಿವತ್ತಾದ ಪತ್ರಕ್ಕೆ ಸಹಿ ಬೀಳದಿದ್ದರೂ ಅದು ಅಡ್ಡಿಯಾಗಲಿಲ್ಲ.

ಇನ್ನು ತೂಕದ ವಿಷಯ. ಕಾಯ್ದೆಯಲ್ಲಿ ಹೆಸರಿಸಿದ ಸಹಿಗಳು ಎರಡು ಬಗೆ. ಒಂದು ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ), ಅಂದರೆ ಆಡಿಟರ್‌ಗಳ ಹತ್ತಿರ ಯುಎಸ್‌ಬಿ ಟೋಕನ್‌ನಲ್ಲಿ ಇರುತ್ತದಲ್ಲ, ಅದು. ಇನ್ನೊಂದು ಆಧಾರ್ ಓಟಿಪಿಯಿಂದ ಹಾಕುವ ಇ-ಸೈನ್. ಇವೆರಡಕ್ಕೂ ಕೈಬರಹದ ಸಹಿಯ ಮಾನ್ಯತೆ ಕಾನೂನಿನಿಂದಲೇ ಬರುತ್ತದೆ. ನಿಯಮದ ಪ್ರಕಾರ ಹಾಕಿದ್ದರೆ ಕೋರ್ಟ್ ಅದನ್ನು ನಂಬಿಕೊಂಡೇ ವಿಚಾರಣೆ ಶುರು ಮಾಡುತ್ತದೆ.

ಹೆಸರು ಟೈಪ್ ಮಾಡಿದ್ದು, ಪರದೆ ಮೇಲೆ ಬೆರಳಿನಿಂದ ಗೀಚಿದ್ದು, "ಒಪ್ಪಿದ್ದೇನೆ" ಬಟನ್ ಒತ್ತಿದ್ದು, ಮೊಬೈಲಿಗೆ ಬಂದ ಮಾಮೂಲಿ ಓಟಿಪಿ ಹಾಕಿದ್ದು, ಇವೆಲ್ಲ ಸರಳ ಇ-ಸಹಿ. ಇವು ಆ ಎರಡರ ಗುಂಪಿನಲ್ಲಿಲ್ಲ. ಹಾಗಂತ ಕರಾರು ಬಿದ್ದುಹೋಗುವುದಿಲ್ಲ. ಎದುರಿನವರು "ನಾನು ಒತ್ತಿಲ್ಲ" ಅಂದರೆ ಒತ್ತಿದ್ದು ಅವರೇ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ, ಅಷ್ಟೇ. ಹಾಗಾಗಿ ಮುಂದಿನ ಎಲ್ಲ ಹೆಜ್ಜೆಗಳ ಗುರಿ ಒಂದೇ: ಯಾರು, ಯಾವ ಕಡತಕ್ಕೆ, ಯಾವಾಗ ಒಪ್ಪಿದರು, ಆಮೇಲೆ ಅದರಲ್ಲಿ ಏನೂ ಬದಲಾಗಿಲ್ಲ ಅನ್ನುವುದು ಕೇಳಿದ ದಿನ ತೋರಿಸಲು ಬರಬೇಕು. ಸಹಿಯ ಚಿತ್ರ ಚೆನ್ನಾಗಿ ಬಂತಾ ಇಲ್ಲವಾ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಹೆಜ್ಜೆ: ಈ ಪತ್ರಕ್ಕೆ ಇ-ಸಹಿ ನಡೆಯುತ್ತಾ ನೋಡಿ

ಕೆಲವು ಪತ್ರಗಳನ್ನು ಕಾಯ್ದೆಯೇ ಹೊರಗಿಟ್ಟಿದೆ. ಉಯಿಲು ನಡೆಯುವುದಿಲ್ಲ. ಟ್ರಸ್ಟ್ ಪತ್ರ ನಡೆಯುವುದಿಲ್ಲ. ಜಿಪಿಎ ಥರದ ಅಧಿಕಾರ ಪತ್ರವೂ ಇಲ್ಲ. ಪ್ರೋನೋಟೂ ಇಲ್ಲ. 2022ರ ಸೆಪ್ಟೆಂಬರಿನ ಅಧಿಸೂಚನೆಯಲ್ಲಿ ಬ್ಯಾಂಕ್ ಮುಂತಾದ ನಿಯಂತ್ರಿತ ಸಂಸ್ಥೆಗಳ ಹೆಸರಿಗೆ ಬರೆದುಕೊಡುವ ಪ್ರೋನೋಟು, ಅಧಿಕಾರ ಪತ್ರಗಳಿಗೆ ವಿನಾಯಿತಿ ಸಿಕ್ಕಿದೆ. ಆದರೆ ಪರಿಚಯದವರಿಗೆ ಕೈಸಾಲ ಕೊಟ್ಟು ವಾಟ್ಸಾಪಿನಲ್ಲಿ ಪ್ರೋನೋಟಿಗೆ ಬೆರಳಿನ ಸಹಿ ಹಾಕಿಸಿಕೊಂಡರೆ ಅದು ಪ್ರೋನೋಟ್ ಆಗುವುದಿಲ್ಲ. ಕೈಸಾಲಕ್ಕೆ ಹಳೆಯ ದಾರಿಯೇ ಸರಿ: ಕಾಗದ, ರೆವೆನ್ಯೂ ಸ್ಟ್ಯಾಂಪ್, ಅದರ ಮೇಲೆ ಪೆನ್ನಿನ ಸಹಿ.

ಸೈಟು, ಮನೆ, ಜಮೀನು ಮಾರಾಟದ ಕರಾರು ಮೊದಲು ಈ ಹೊರಗಿನ ಪಟ್ಟಿಯಲ್ಲಿತ್ತು. ಅದೇ 2022ರ ಅಧಿಸೂಚನೆ ಅದನ್ನು ಪಟ್ಟಿಯಿಂದ ತೆಗೆದಿದೆ. ಹಾಗಂತ ಫೋನಿನಲ್ಲಿ ಸೈಟ್ ಬರೆಸಿಕೊಳ್ಳಬಹುದು ಅಂತಲ್ಲ. ಕ್ರಯಪತ್ರ ನೋಂದಣಿ ಆಗಲೇಬೇಕು, ಆ ದಾರಿ ಉಪನೋಂದಣಿ ಕಚೇರಿಯ ಮೂಲಕವೇ. ಆಸ್ತಿ ವಿಷಯಕ್ಕೆ ಸರಳ ಇ-ಸಹಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಬಾಡಿಗೆ ಕರಾರು ಮಧ್ಯದಲ್ಲಿ ನಿಲ್ಲುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುತ್ತಾರೆ. 11 ತಿಂಗಳ ಪತ್ರವನ್ನು ಇ-ಸಹಿಯಲ್ಲಿ ಮಾಡಬಹುದು. ಅಲ್ಲಿ ಲಕ್ಷಗಟ್ಟಲೆ ಅಡ್ವಾನ್ಸ್ ಇರುವುದರಿಂದ ಆಧಾರ್ ಇ-ಸೈನ್ ಬಳಸುವುದು ಒಳ್ಳೆಯದು.

ಫೋಟೋ, ವಿನ್ಯಾಸ, ಅಡುಗೆ, ಪಾಠ, ರಿಪೇರಿ, ಸರಕು ಪೂರೈಕೆ, ಗುಟ್ಟು ಕಾಪಾಡುವ ಒಪ್ಪಂದ, ಇವಕ್ಕೆ ಸರಳ ಇ-ಸಹಿ ಧಾರಾಳ.

ಎರಡನೆಯದು: ಯಾರಿಗೆ ಯಾವ ಸಹಿ

ನಮ್ಮ ಮದುವೆಯ ಉದಾಹರಣೆಯಲ್ಲಿ ಹುಡುಗಿಯ ಅಣ್ಣನ ಹತ್ತಿರ ಆಧಾರ್ ಇದೆ, ಅದಕ್ಕೆ ಮೊಬೈಲ್ ಜೋಡಣೆಯಾಗಿದೆ. ಅವರು ಬೇಕಾದರೆ ಇ-ಸೈನ್ ಹಾಕಬಹುದು. ನ್ಯೂಜೆರ್ಸಿಯ ಹುಡುಗ ಇಲ್ಲಿನ ಸಿಮ್ ಬಿಟ್ಟು ವರ್ಷಗಳಾಗಿವೆ, ಓಟಿಪಿ ಬರುವ ದಾರಿಯೇ ಇಲ್ಲ. ಅವನಿಗೆ ಇಮೇಲ್ ಮೂಲಕ ಸರಳ ಸಹಿಯೇ ಸರಿ. ಒಂದೇ ಕರಾರಿನಲ್ಲಿ ಒಬ್ಬರದು ಒಂದು ಬಗೆ, ಇನ್ನೊಬ್ಬರದು ಇನ್ನೊಂದು ಬಗೆ ಇದ್ದರೆ ತೊಂದರೆಯಿಲ್ಲ. ಅಮೆರಿಕದಲ್ಲೂ 2000ದಿಂದಲೇ ಇ-ಸೈನ್ ಕಾಯ್ದೆ ಇದೆ, ಅಲ್ಲಿನವರಿಗೆ ಈ ಪದ್ಧತಿ ಹೊಸದೇನಲ್ಲ. ಯುರೋಪಿನ ಗ್ರಾಹಕರಾದರೆ ಅಲ್ಲಿ 2016ರ ಜುಲೈಯಿಂದ ಇಐಡಾಸ್ ನಿಯಮ ನಡೆಯುತ್ತಿದೆ. ಅದರಲ್ಲೂ ಸಾದಾ ಸಹಿಯಿಂದ ಹಿಡಿದು ಬಿಗಿಯಾದ ಸಹಿಯವರೆಗೆ ಮೂರು ಮೆಟ್ಟಿಲುಗಳಿವೆ. ಇಲೆಕ್ಟ್ರಾನಿಕ್ ಅನ್ನುವ ಕಾರಣಕ್ಕೇ ಸಾದಾ ಸಹಿಯನ್ನು ತಳ್ಳಿಹಾಕುವ ಹಾಗಿಲ್ಲ.

ಫೋಟೋಗ್ರಾಫರ್‌ಗೆ ಡಿಎಸ್‌ಸಿ ಬೇಕಾ? ಬೇಡ. ಟೆಂಡರ್ ಹಾಕುವವರಿಗೆ, ಕಂಪನಿ ಲೆಕ್ಕ ಸಲ್ಲಿಸುವವರಿಗೆ ಅದು ಬೇಕು. ಈ ಕೆಲಸಕ್ಕಾಗಿಯೇ ದುಡ್ಡು ಕೊಟ್ಟು ಟೋಕನ್ ಕೊಳ್ಳುವುದು ದಂಡ.

ಮೂರನೆಯದು: ಕಡತ ಸಿದ್ಧ ಮಾಡುವುದು

ಅರ್ಧ ಜಗಳ ಇಲ್ಲೇ ತಪ್ಪುತ್ತದೆ, ಹಾಗಾಗಿ ಅವಸರ ಬೇಡ.

ಎಲ್ಲವೂ ಒಂದೇ ಪಿಡಿಎಫ್‌ನಲ್ಲಿ ಇರಲಿ. "ರೇಟ್ ಲಿಸ್ಟ್ ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಅದರ ಪ್ರಕಾರ" ಅಂತ ಬರೆದರೆ ಮುಂದೆ ಯಾವ ರೇಟ್ ಲಿಸ್ಟ್ ಅನ್ನುವ ಪ್ರಶ್ನೆ ಬರುತ್ತದೆ. ಆ ಪಟ್ಟಿಯನ್ನೇ ಕೊನೆಯ ಪುಟವಾಗಿ ಸೇರಿಸಿ. ಕೆಲಸ ಏನೇನು, ಏನೇನು ಇಲ್ಲ, ಯಾವ ದಿನಕ್ಕೆ ಎಷ್ಟು ದುಡ್ಡು, ತಡವಾದರೆ ಏನು, ರದ್ದಾದರೆ ಮುಂಗಡದ ಗತಿ ಏನು, ಯಾವ ಊರಿನ ನ್ಯಾಯಾಲಯ, ಇಷ್ಟು ಸ್ಪಷ್ಟವಾಗಿರಲಿ. "ಏನೇನು ಇಲ್ಲ" ಅನ್ನುವುದನ್ನು ಜನ ಬರೆಯುವುದೇ ಇಲ್ಲ. ಡ್ರೋನ್ ಇಲ್ಲದಿದ್ದರೆ "ಡ್ರೋನ್ ಸೇರಿಲ್ಲ" ಅಂತ ಬರೆಯಿರಿ, ಸಂಕೋಚ ಬೇಡ.

ಕನ್ನಡದಲ್ಲೇ ಬರೆಯಬಹುದಾ? ಖಂಡಿತ. ಸಹಿ ಹಾಕುವವರಿಗೆ ಅರ್ಥವಾಗುವ ಭಾಷೆಯಲ್ಲಿದ್ದರೆ "ಓದದೆ ಒತ್ತಿಬಿಟ್ಟೆ, ತಿಳಿಯಲಿಲ್ಲ" ಅನ್ನುವ ಮಾತಿಗೆ ಬಲ ಇರುವುದಿಲ್ಲ. ಆದರೆ ಫಾಂಟ್ ಕಡೆ ಗಮನ ಕೊಡಿ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಾರೆ. ಆ ವರ್ಡ್ ಕಡತವನ್ನು ಹಾಗೇ ಕಳಿಸಿದರೆ ಎದುರಿನವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಮಾಡುವಾಗ ಫಾಂಟ್ ಕಡತದೊಳಗೇ ಕೂರುವಂತೆ ಉಳಿಸಿ. ಕಳಿಸುವ ಮೊದಲು ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ. ಒತ್ತಕ್ಷರ ಸರಿಯಾಗಿ ಬಂದಿದೆಯಾ, ಅಂಕಿಗಳು ಸರಿ ಇವೆಯಾ ಅಂತ.

ಕರಾರಿನೊಳಗೆ ಇ-ಸಹಿಯ ಬಗ್ಗೆಯೇ ಒಂದು ಪ್ಯಾರಾ ಇರಬೇಕು. ಹೀಗೆ ಬರೆದರೆ ಸಾಕು:

"ಈ ಕರಾರಿಗೆ ಇಲೆಕ್ಟ್ರಾನಿಕ್ ರೂಪದಲ್ಲಿ ಸಹಿ ಹಾಕಲು ನಾವೆಲ್ಲರೂ ಒಪ್ಪಿದ್ದೇವೆ. ಕೆಳಗೆ ಬರೆದಿರುವ ಇಮೇಲ್ ಮತ್ತು ಮೊಬೈಲ್ ಸಂಖ್ಯೆಗಳು ನಮ್ಮವೇ, ನಮ್ಮ ಬಳಕೆಯಲ್ಲೇ ಇವೆ. ಅವುಗಳ ಮೂಲಕ ಕೊಟ್ಟ ಒಪ್ಪಿಗೆಯನ್ನು ನಮ್ಮ ಸಹಿ ಎಂದೇ ತಿಳಿಯಬಹುದು. ಎಲ್ಲರ ಸಹಿಯಾದ ಪಿಡಿಎಫ್ ಕಡತವೇ ಮೂಲ ಪ್ರತಿ. ಮುಂದೆ ಯಾವುದೇ ಬದಲಾವಣೆ ಇದೇ ರೀತಿ ಬರೆದು ಸಹಿ ಹಾಕಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ."

ಅದರ ಕೆಳಗೆ ಪ್ರತಿಯೊಬ್ಬರ ಪೂರ್ತಿ ಹೆಸರು, ವಿಳಾಸ, ಇಮೇಲ್, ಮೊಬೈಲ್ ಬರೆಯಿರಿ. ಆಧಾರ್ ಸಂಖ್ಯೆ ಬರೆಯುವ ಅಗತ್ಯವಿಲ್ಲ. ಕರಾರಿಗೆ ಆಧಾರ್ ಜೆರಾಕ್ಸ್ ಲಗತ್ತಿಸುವ ಅಭ್ಯಾಸವನ್ನೂ ಬಿಡಿ. ತೀರಾ ಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ.

ಕಡತಕ್ಕೆ ಹೆಸರಿಡುವಾಗ "ಫೈನಲ್", "ಫೈನಲ್ ಹೊಸದು", "ಫೈನಲ್ ಲಾಸ್ಟ್" ಅಂತ ಇಡಬೇಡಿ. ಗ್ರಾಹಕರ ಹೆಸರು, ತಾರೀಕು, ಆವೃತ್ತಿ ಸಂಖ್ಯೆ ಇರಲಿ. ಮುಂದಿನ ಹೆಜ್ಜೆಯಲ್ಲಿ ಈ ಹೆಸರೇ ಕೆಲಸಕ್ಕೆ ಬರುತ್ತದೆ.

ಸ್ಟ್ಯಾಂಪ್ ಮರೆಯಬೇಡಿ

ಕಾಗದ ಇಲ್ಲದಿದ್ದರೆ ಛಾಪಾ ಕಾಗದವೂ ಬೇಡ ಅಂತ ತುಂಬಾ ಜನ ತಿಳಿದಿದ್ದಾರೆ. ಮುದ್ರಾಂಕ ಶುಲ್ಕ ಬೀಳುವುದು ವ್ಯವಹಾರದ ಮೇಲೆ, ಹಾಳೆಯ ಮೇಲಲ್ಲ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರ 34ನೇ ಕಲಮಿನ ಪ್ರಕಾರ ಸರಿಯಾದ ಸ್ಟ್ಯಾಂಪ್ ಇಲ್ಲದ ಪತ್ರವನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟಿದ ಮೇಲೆ ತೆಗೆದುಕೊಳ್ಳುತ್ತದೆ. ದಂಡ ಬಾಕಿಯ ಹತ್ತು ಪಟ್ಟಿನವರೆಗೂ ಹೋಗಬಹುದು. ಕರಾರು ಸತ್ತುಹೋಗುವುದಿಲ್ಲ, ಆದರೆ ಬೇಕಾದ ದಿನ ಕೈಗೆ ಸಿಗುವುದಿಲ್ಲ.

ಹಾಗಾಗಿ ಸಹಿಗೆ ಮೊದಲೇ ಇ-ಸ್ಟ್ಯಾಂಪ್ ತೆಗೆಯಿರಿ. ಇಷ್ಟು ವರ್ಷ ಪತ್ತಿನ ಸಹಕಾರ ಸಂಘಗಳ ಕೌಂಟರಿನಲ್ಲಿ ಸಿಗುತ್ತಿದ್ದದ್ದು ಇದೇ. ಈಗ ಆನ್‌ಲೈನಿನಲ್ಲೇ ತೆಗೆಯುವ ಡಿಜಿಟಲ್ ಇ-ಸ್ಟ್ಯಾಂಪೂ ಬಂದಿದೆ. ಅದರಲ್ಲಿ ಬರುವ ಹೆಸರುಗಳು ಕರಾರಿನ ಹೆಸರುಗಳಿಗೆ ಅಕ್ಷರಶಃ ಹೊಂದಬೇಕು. ಕರಾರಿನಲ್ಲಿ ಸ್ಟುಡಿಯೋ ಹೆಸರಿದ್ದು ಸ್ಟ್ಯಾಂಪಿನಲ್ಲಿ ನಿಮ್ಮ ಹೆಸರಿದ್ದರೆ ಸುಮ್ನೆ ಗೊಂದಲ. ಆ ಇ-ಸ್ಟ್ಯಾಂಪನ್ನು ಪಿಡಿಎಫ್‌ನ ಮೊದಲ ಪುಟವಾಗಿ ಸೇರಿಸಿ. ದರ ಪತ್ರದ ಬಗೆ ನೋಡಿ ಬದಲಾಗುತ್ತದೆ. 2024ರ ಆರಂಭದಲ್ಲಿ ರಾಜ್ಯದಲ್ಲಿ ಎಷ್ಟೋ ದರಗಳು ಏರಿದವು. ಅಫಿಡವಿಟ್‌ಗೆ 20 ರೂಪಾಯಿ ಇದ್ದದ್ದು 100 ಆಯಿತು. ಹಳೆಯ ಪತ್ರದಲ್ಲಿದ್ದ ಮೊತ್ತವನ್ನೇ ನಕಲು ಹೊಡೆಯದೆ ಈಗಿನ ದರ ಕೇಳಿ.

ನಾಲ್ಕನೆಯದು: ಸಹಿ ಹಾಕಿಸುವುದು

ಎರಡು ದಾರಿ ಇವೆ. ಒಂದು ಸಹಿಗೆಂದೇ ಇರುವ ತಾಣ ಬಳಸುವುದು. ಝೋಹೋ ಸೈನ್, ಡಾಕ್ಯುಸೈನ್, ಅಡೋಬಿ ಆಕ್ರೊಬ್ಯಾಟ್ ಸೈನ್, ಲೀಗ್ಯಾಲಿಟಿ, ಬೆಂಗಳೂರಿನದೇ ಆದ ಡಿಜಿಯೋ, ಹೀಗೆ ತುಂಬಾ ಇವೆ. ಆಯ್ಕೆ ಮಾಡುವಾಗ ಕೇಳಬೇಕಾದ್ದು ಒಂದೇ: ಸಹಿಯಾದ ಮೇಲೆ ಯಾರು ಎಷ್ಟು ಹೊತ್ತಿಗೆ ತೆರೆದರು, ಎಲ್ಲಿಂದ ತೆರೆದರು, ಯಾವ ಓಟಿಪಿ ಹಾಕಿದರು ಅನ್ನುವ ವರದಿಯನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಲು ಬರುತ್ತಾ? ಆ ವರದಿ ಇಲ್ಲದ, ಬರೀ ಸಹಿಯ ಚಿತ್ರ ಅಂಟಿಸಿಕೊಡುವ ಉಚಿತ ಆ್ಯಪ್‌ಗಳಿಂದ ಏನೂ ಉಪಯೋಗವಿಲ್ಲ.

ಕೆಲಸ ಸುಲಭ. ಪಿಡಿಎಫ್ ಏರಿಸಿ. ಸಹಿ ಹಾಕುವವರ ಹೆಸರು, ಇಮೇಲ್, ಮೊಬೈಲ್ ಕೊಡಿ. ಸಹಿಯ ಚೌಕಗಳನ್ನು ಎಳೆದು ಸರಿಯಾದ ಜಾಗದಲ್ಲಿಡಿ. ಯಾರು ಮೊದಲು ಯಾರು ಆಮೇಲೆ ಅಂತ ಕ್ರಮ ಹಾಕಿ. ಗ್ರಾಹಕರು ಮೊದಲು, ನೀವು ಕೊನೆಗೆ ಹಾಕಿದರೆ ಒಳ್ಳೆಯದು. ಅವರು ಏನಾದರೂ ಬದಲಾವಣೆ ಕೇಳಿದರೆ ನಿಮ್ಮ ಸಹಿ ಆಗಲೇ ಬಿದ್ದಿರುವುದಿಲ್ಲ. ಲಿಂಕ್ ಒತ್ತಿದ ಮೇಲೆ ಓಟಿಪಿ ಕೇಳುವ ಆಯ್ಕೆಯನ್ನು ತಪ್ಪದೆ ಆನ್ ಮಾಡಿ. ಇಮೇಲ್ ಬೇರೆಯವರೂ ತೆರೆಯಬಹುದು, ಮನೆಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಿಯೇ ಇರುತ್ತದೆ. ಇಮೇಲ್ ಜೊತೆ ಮೊಬೈಲ್ ಓಟಿಪಿಯೂ ಸೇರಿದರೆ ಒಬ್ಬರೇ ಒತ್ತಿದ್ದು ಅನ್ನುವುದಕ್ಕೆ ಬಲ ಬರುತ್ತದೆ. ಕೆಲವು ತಾಣಗಳಲ್ಲಿ ವಿದೇಶಿ ಸಂಖ್ಯೆಗೆ ಓಟಿಪಿ ಹೋಗದೇ ಇರಬಹುದು. ನ್ಯೂಜೆರ್ಸಿಯ ಹುಡುಗನಿಗೆ ಇಮೇಲಿಗೇ ಓಟಿಪಿ ಹೋಗುವಂತೆ ಮಾಡಿ, ಸಹಿ ಹಾಕುವಾಗ ವಿಡಿಯೋ ಕಾಲ್‌ನಲ್ಲಿ ಒಮ್ಮೆ ಮಾತಾಡಿ. ಆಮೇಲೆ "ಈಗ ಮಾತಾಡಿದ ಪ್ರಕಾರ ಸಹಿ ಹಾಕಿದ್ದೀರಿ" ಅಂತ ಒಂದು ಮೇಲ್ ಹಾಕಿಬಿಡಿ.

ಆಧಾರ್ ಇ-ಸೈನ್ ಆರಿಸಿದರೆ ತಾಣ ಆ ವ್ಯಕ್ತಿಯನ್ನು ಇ-ಸೈನ್ ಸೇವೆಯ ಪುಟಕ್ಕೆ ಕಳಿಸುತ್ತದೆ. ಅಲ್ಲಿ ಆಧಾರ್ ಸಂಖ್ಯೆ ಅಥವಾ ವರ್ಚುವಲ್ ಐಡಿ (ಆಧಾರ್ ಸಂಖ್ಯೆಯ ಬದಲು ಬಳಸುವ ತಾತ್ಕಾಲಿಕ ಸಂಖ್ಯೆ) ಹಾಕಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಹಾಕಿದ ತಕ್ಷಣ ಅವರ ಹೆಸರಿನಲ್ಲಿ ಒಂದು ಸಹಿ ಪ್ರಮಾಣಪತ್ರ ಹುಟ್ಟುತ್ತದೆ. ಅದರ ಆಯಸ್ಸು 30 ನಿಮಿಷ, ಅದರ ಕೀಲಿಯ (ಸಹಿ ಹಾಕಲು ಬೇಕಾದ ಗುಪ್ತ ಸಂಕೇತದ) ಬಳಕೆ ಒಂದೇ ಸಲ. ಮುಂದೆ ಎಂದಾದರೂ ಕಡತ ತೆರೆದಾಗ ಪ್ರಮಾಣಪತ್ರದ ಅವಧಿ ಮುಗಿದಿದೆ ಅಂತ ಕಂಡರೆ ಗಾಬರಿಯಾಗಬೇಡಿ. ಸಹಿ ಬಿದ್ದ ಹೊತ್ತಿಗೆ ಅದು ಜೀವಂತ ಇತ್ತಾ ಅನ್ನುವುದು ಮುಖ್ಯ.

ನಮ್ಮ ಮನೆಗಳ ಒಂದು ವಿಶೇಷ ಹೇಳಲೇಬೇಕು. ಅಪ್ಪನ ಆಧಾರ್‌ಗೆ ಮಗನ ನಂಬರ್, ಅಮ್ಮನ ಇಮೇಲ್ ಮಗಳ ಫೋನಿನಲ್ಲಿ. ಸಹಿ ಹಾಕಬೇಕಾದವರು ಅಪ್ಪ, ಓಟಿಪಿ ಹಾಕಿದ್ದು ಮಗ. ನಾಳೆ ಅಪ್ಪ "ನನಗೆ ಗೊತ್ತೇ ಇಲ್ಲ" ಅಂದರೆ ನಿಮ್ಮ ಕರಾರಿನ ಬುಡವೇ ಅಲ್ಲಾಡುತ್ತದೆ. ಬೇರೆಯವರ ಇ-ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಹೀಗಾಗಿ ಮೊದಲೇ ಕೇಳಿ: "ಸಾರ್, ಈ ನಂಬರ್ ನಿಮ್ಮ ಕೈಯಲ್ಲೇ ಇದೆಯಾ?" ಇಲ್ಲದಿದ್ದರೆ ವ್ಯವಹಾರ ನೋಡಿಕೊಳ್ಳುವ ಮಗನ ಹೆಸರಿಗೇ ಕರಾರು ಮಾಡಿಕೊಳ್ಳಿ. ಇನ್ನೊಂದು, ಎದುರಿನವರ ಓಟಿಪಿಯನ್ನು ನೀವು ಫೋನಿನಲ್ಲಿ ಕೇಳಿ ಹಾಕಬಾರದು, ನಿಮ್ಮದನ್ನು ಯಾರಿಗೂ ಹೇಳಲೂಬಾರದು. "ಅಗ್ರಿಮೆಂಟ್ ಸೈನ್ ಮಾಡ್ತೀವಿ, ಓಟಿಪಿ ಹೇಳಿ" ಅನ್ನುವ ಕರೆ ಬಂದರೆ ಫೋನ್ ಇಟ್ಟುಬಿಡಿ.

ಎರಡನೆಯ ದಾರಿಗೆ ಯಾವ ತಾಣವೂ ಬೇಡ, ಖರ್ಚೂ ಇಲ್ಲ. ಸಣ್ಣ ಮೊತ್ತದ ಕೆಲಸಕ್ಕೆ ನನಗೆ ಇದೇ ಜಾಸ್ತಿ ಇಷ್ಟ. ಪಿಡಿಎಫ್ ಅನ್ನು ಇಮೇಲಿನಲ್ಲಿ ಕಳಿಸಿ, ಅದೇ ಮೇಲಿಗೆ ಈ ಉತ್ತರ ಕೇಳಿ: "ಲಗತ್ತಿಸಿದ ಇಂಥ ಹೆಸರಿನ ಕಡತವನ್ನು ಪೂರ್ತಿ ಓದಿದ್ದೇನೆ. ಅದರ ಎಲ್ಲ ಷರತ್ತುಗಳಿಗೆ ಒಪ್ಪಿ ಸಹಿ ಹಾಕುತ್ತಿದ್ದೇನೆ." ಕೆಳಗೆ ಪೂರ್ತಿ ಹೆಸರು, ಊರು, ತಾರೀಕು. ಬರೀ "ಓಕೆ" ಅಥವಾ ಹೆಬ್ಬೆಟ್ಟಿನ ಚಿತ್ರ ಸಾಲದು. ಯಾವುದಕ್ಕೆ ಓಕೆ ಅಂತ ನಾಳೆ ಕೇಳುತ್ತಾರೆ. ಉತ್ತರ ಬಂದ ಮೇಲೆ ನೀವೂ ಅದೇ ಮಾತಿನಲ್ಲಿ ಒಪ್ಪಿಗೆ ಕಳಿಸಿ.

ಆಮೇಲೆ ಮುಂಗಡ ಪಡೆಯಿರಿ. ಯುಪಿಐ ಟಿಪ್ಪಣಿಯಲ್ಲಿ ಕರಾರಿನ ತಾರೀಕು ಮತ್ತು ಸಂಖ್ಯೆ ಬರೆಯಲು ಹೇಳಿ. ಕರಾರು ಒಪ್ಪದವರು ಅದರ ಸಂಖ್ಯೆ ಬರೆದು ದುಡ್ಡು ಕಳಿಸುವುದಿಲ್ಲ, ಅಲ್ವಾ? ಚಂದದ ಸಹಿಗಿಂತ ಈ ಒಂದು ಸಾಲು ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಾಡಲೇಬಾರದ್ದು ಒಂದಿದೆ. ಬಿಳಿ ಹಾಳೆಯ ಮೇಲೆ ಹಾಕಿದ ಸಹಿಯ ಫೋಟೋ ತರಿಸಿಕೊಂಡು ಅದನ್ನು ನೀವೇ ಪಿಡಿಎಫ್‌ಗೆ ಅಂಟಿಸುವುದು. ಆ ಫೋಟೋ ಇರುವ ಯಾರು ಬೇಕಾದರೂ ಅಂಟಿಸಬಹುದು. ಅಂಟಿಸಿದ್ದು ನೀವೇ ಅಂತ ಗೊತ್ತಾದರೆ ನಿಮ್ಮ ಮೇಲೇ ಅನುಮಾನ ಬರುತ್ತದೆ.

ಐದನೆಯದು: ಸಹಿಯಾದ ಕಡತ ಪರೀಕ್ಷಿಸುವುದು

ಸಹಿಯಾದ ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಿಂದ ತೆರೆಯಿರಿ. ಫೋನಿನಲ್ಲಿರುವ ಎಷ್ಟೋ ಪಿಡಿಎಫ್ ಆ್ಯಪ್‌ಗಳು ಸಹಿ ಸರಿಯಿದೆಯಾ ಅಂತ ತೋರಿಸುವುದೇ ಇಲ್ಲ. ದೊಡ್ಡ ತಾಣಗಳು ಸರಳ ಸಹಿ ಹಾಕಿಸಿದರೂ ಕೊನೆಗೆ ಇಡೀ ಕಡತಕ್ಕೆ ತಮ್ಮದೊಂದು ಡಿಜಿಟಲ್ ಮುದ್ರೆ ಒತ್ತುತ್ತವೆ. ಹಿಂದೆ ಲಕೋಟೆಗೆ ಅರಗು ಒತ್ತುತ್ತಿದ್ದರಲ್ಲ, ಅದೇ ಕೆಲಸ ಇದರದ್ದು. ಒಂದು ಅಂಕಿ ಬದಲಾದರೂ ಮುದ್ರೆ ಒಡೆದಿದೆ ಅಂತ ರೀಡರ್ ತೋರಿಸುತ್ತದೆ.

ಆಧಾರ್ ಇ-ಸೈನ್ ಅಥವಾ ಡಿಎಸ್‌ಸಿ ಇರುವ ಕಡತದಲ್ಲಿ ಹಸಿರು ಗುರುತಿನ ಬದಲು ಹಳದಿ ಪ್ರಶ್ನೆ ಚಿಹ್ನೆ ಕಾಣಿಸಬಹುದು. ಇಳಿಸಿಕೊಂಡ ಇ-ಆಧಾರ್‌ನಲ್ಲೂ ಇದನ್ನು ನೋಡಿರುತ್ತೀರಿ. ಸಹಿ ಸುಳ್ಳು ಅಂತ ಅದರ ಅರ್ಥವಲ್ಲ. ಸಹಿ ಕೊಟ್ಟ ಸಂಸ್ಥೆಯನ್ನು ನಂಬಬಹುದಾ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ, ಅಷ್ಟೇ. ಆ ಚಿಹ್ನೆ ಒತ್ತಿ, ಸಹಿಯ ವಿವರಕ್ಕೆ ಹೋಗಿ, ಪ್ರಮಾಣಪತ್ರ ತೆರೆಯಿರಿ. ಎಡಗಡೆಯ ಸರಪಳಿಯ ತುದಿಯಲ್ಲಿ ಸಿಸಿಎ ಇಂಡಿಯಾ (ಇಂಥ ಸಹಿ ಕೊಡುವ ಸಂಸ್ಥೆಗಳ ಮೇಲಿನ ಸರ್ಕಾರಿ ನಿಯಂತ್ರಕರು) ಎಂದಿದೆಯಾ ನೋಡಿ. ಇದ್ದರೆ ಅದನ್ನು ಆರಿಸಿ ನಂಬಿಕೆಯ ಪಟ್ಟಿಗೆ ಸೇರಿಸಿ, ಮತ್ತೆ ಪರೀಕ್ಷಿಸಿ. ಹಸಿರು ಬರುತ್ತದೆ. ಬೇರೇನೋ ಹೆಸರಿದ್ದರೆ ಸೇರಿಸಬೇಡಿ, ಕಳಿಸಿದವರನ್ನು ವಿಚಾರಿಸಿ.

ಈ ಕಡತವನ್ನು ಇನ್ನು ಮುಟ್ಟುವ ಹಾಗಿಲ್ಲ. ಸೈಜ್ ಕಡಿಮೆ ಮಾಡುವುದು, ಬೇರೆ ಪಿಡಿಎಫ್ ಜೊತೆ ಸೇರಿಸುವುದು, "ಪ್ರಿಂಟ್ ಟು ಪಿಡಿಎಫ್" ಮಾಡುವುದು, ಇದರಲ್ಲಿ ಯಾವುದನ್ನು ಮಾಡಿದರೂ ಮುದ್ರೆ ಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಪುಟಗಳ ಫೋಟೋ ಹೊಡೆದು ಅಲ್ಲ. ಪ್ರಿಂಟ್ ತೆಗೆದ ಹಾಳೆ ಓದಲು ಅನುಕೂಲ, ಆದರೆ ಇ-ಸಹಿ ಆ ಹಾಳೆಯಲ್ಲಿ ಇರುವುದಿಲ್ಲ.

ಆಮೇಲೆ ಬದಲಾವಣೆ ಬಂದರೆ

ಛತ್ರ ಸಿಗದೆ ಮುಹೂರ್ತ ಮುಂದಕ್ಕೆ ಹೋಯಿತು ಅನ್ನಿ. ಹಳೆಯ ಕಡತ ತಿದ್ದಬೇಡಿ. "ಇಂಥ ತಾರೀಕಿನ ಕರಾರಿನ 3ನೇ ಷರತ್ತಿನಲ್ಲಿ ಮದುವೆಯ ದಿನಾಂಕ ಹೀಗೆ ಬದಲಾಗಿದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ" ಅಂತ ಒಂದು ಪುಟ ಬರೆದು, ಮೊದಲು ಸಹಿ ಹಾಕಿದವರೆಲ್ಲರಿಂದಲೂ ಅದೇ ರೀತಿ ಸಹಿ ಪಡೆಯಿರಿ. ಅಣ್ಣ ಮಾತ್ರ ಒಪ್ಪಿ, ಹುಡುಗನಿಗೆ ಕಳಿಸದೇ ಬಿಟ್ಟರೆ ಅವನ ಅರ್ಧ ಪಾಲಿನ ವಿಷಯದಲ್ಲಿ ಕಿರಿಕಿರಿ ಕಟ್ಟಿಟ್ಟದ್ದು.

ಎಷ್ಟು ದಿನ, ಹೇಗೆ ಇಟ್ಟುಕೊಳ್ಳಬೇಕು

ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬಹುದು ಅಂತ 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಕೆಲಸ ಮುಗಿದು, ಕೊನೆಯ ಕಂತು ಬಂದು, ಅಲ್ಲಿಂದ ಮೂರು ವರ್ಷವಾದರೂ ಎಲ್ಲವೂ ಇರಬೇಕು. ತೆರಿಗೆ ಲೆಕ್ಕಕ್ಕೆ ಸೇರಿದ ಕಾಗದಗಳನ್ನು ಇನ್ನೂ ಜಾಸ್ತಿ ದಿನ ಇಡಬೇಕಾಗುತ್ತದೆ, ನಿಮ್ಮ ಆಡಿಟರ್ ಹೇಳುತ್ತಾರೆ.

ಎಲ್ಲವೂ ಅಂದರೆ ಸಹಿಯಾದ ಪಿಡಿಎಫ್, ತಾಣ ಕೊಟ್ಟ ವರದಿ, ಇ-ಸ್ಟ್ಯಾಂಪ್, ಇಮೇಲ್‌ಗಳು, ಪಾವತಿಯ ವಿವರ. ಇಮೇಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು ಮೇಲ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಯಾರು ಮಾಡುತ್ತಾರೆ, ಮೂಲ ಮೇಲಿನಲ್ಲಿ ಅದು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಟಿತು ಅನ್ನುವ ಗುರುತುಗಳಿರುತ್ತವೆ. ತಾಣದ ಖಾತೆಯನ್ನೇ ಪೂರ್ತಿ ನಂಬಿ ಕೂರುವುದೂ ಬೇಡ. ಚಂದಾ ನಿಲ್ಲಿಸಿದ ಮೇಲೆ ಕಡತ ಸಿಗದೇ ಹೋಗಬಹುದು. ಸಹಿಯಾದ ದಿನವೇ ಇಳಿಸಿಕೊಂಡು ಎರಡು ಕಡೆ ಇಡಿ.

ಕೋರ್ಟಿಗೆ ಹೋಗಬೇಕಾಗಿ ಬಂದರೆ, ಇಲೆಕ್ಟ್ರಾನಿಕ್ ದಾಖಲೆ ಯಾವ ಸಾಧನದಿಂದ ಹೇಗೆ ಬಂತು ಅಂತ ದೃಢೀಕರಿಸುವ ಇನ್ನೊಂದು ಪತ್ರ ಕೇಳುತ್ತಾರೆ. ಮೊದಲು ಅದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂಲ ಸಾಧನವನ್ನೇ ಹಾಜರುಪಡಿಸದೆ ನಕಲು ಕೊಡುವುದಾದರೆ ಈ ಪ್ರಮಾಣಪತ್ರ ಇರಲೇಬೇಕು ಅಂತ ಖಚಿತ ಮಾಡಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಈಗ ಅದು 63ನೇ ಕಲಮು. ನಮೂನೆಯಲ್ಲಿ ಎರಡು ಭಾಗ. ಒಂದನ್ನು ನೀವು ತುಂಬಬೇಕು: ಯಾವ ಫೋನ್ ಅಥವಾ ಕಂಪ್ಯೂಟರ್, ಅದರ ಗುರುತು ಸಂಖ್ಯೆ ಇತ್ಯಾದಿ. ಇನ್ನೊಂದನ್ನು ತಜ್ಞರು ತುಂಬುತ್ತಾರೆ. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು.

ಹ್ಯಾಶ್ ಅಂದರೆ ಕಡತದಿಂದ ಲೆಕ್ಕ ಹಾಕಿ ತೆಗೆಯುವ ಒಂದು ಗುರುತು. ಶಾ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳಷ್ಟು ಉದ್ದ ಇರುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಮೊದಲಿನಿಂದಲೇ ಇರುತ್ತದೆ, ಲಿನಕ್ಸಿನಲ್ಲಿ ಶಾ256ಸಮ್. ಸಹಿಯಾದ ದಿನವೇ ಆ ಗುರುತನ್ನು ತೆಗೆದು, "ನಮ್ಮ ಕರಾರಿನ ಕಡತದ ಹ್ಯಾಶ್ ಇದು" ಅಂತ ಎಲ್ಲರಿಗೂ ಒಂದು ಇಮೇಲ್ ಕಳಿಸಿಬಿಡಿ. ತಾಣದ ಮುದ್ರೆ ಇಲ್ಲದ ಇಮೇಲ್ ದಾರಿಯಲ್ಲಿ ಕಡತ ಬದಲಾಗಿಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಇರುವ ಒಳ್ಳೆಯ ಆಧಾರ ಇದು.

ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಅದರಲ್ಲಿ ಯಾವ ಗ್ರಾಹಕರ ಮಾತುಕತೆ ಇದೆ ಅಂತ ನೋಡಿಕೊಳ್ಳಿ. ದುಡ್ಡು ಇನ್ನೂ ಬಾಕಿ ಇದ್ದರೆ, ಇಲ್ಲವೇ ತಕರಾರಿನ ವಾಸನೆ ಬಂದಿದ್ದರೆ, ಆ ಫೋನ್ ಮಾರಬೇಡಿ.